ಜಾಗ ಇದ್ದರೂ ಇಲ್ಲ ಎನ್ನುವ ಯಂತ್ರ

ಒಂದು ಟಿಬಿಯ ಹೊಸ ಎಕ್ಸ್‌ಟರ್ನಲ್ ಡಿಸ್ಕ್ ತಂದು ಕಂಪ್ಯೂಟರಿಗೆ ಸಿಕ್ಕಿಸಿದ್ದಾಗಿದೆ. ಅದರೊಳಗೆ ಇನ್ನೂ ಒಂದು ಫೋಟೊ ಕೂಡ ಬಿದ್ದಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಇಡೀ ವಿಂಡೋಸ್‌ನ ಪ್ರತಿಯನ್ನು, ಅಂದರೆ ಸಿಸ್ಟಮ್ ಇಮೇಜನ್ನು, ತೆಗೆಯಲು ಹೇಳಿ ಕಾಫಿಗೆ ಎದ್ದು ಹೋಗಿ ಬಂದರೆ ಬ್ಯಾಕಪ್ ವಿಫಲವಾಗಿ ಕೂತಿರುತ್ತದೆ. ಕಾರಣ: ಜಾಗ ಸಾಲದು. ಕೆಳಗೊಂದು ದೋಷಸಂಕೇತ, ಕೊನೆಯ ಅಂಕಿಗಳು 80780119. ಅಂಗಡಿಯಲ್ಲಿ ಕೇಳಿದರೆ 'ಎರಡು ಟಿಬಿಯದು ತಗೊಂಡುಬಿಡಿ ಸಾರ್' ಎಂಬ ಸಲಹೆ ಸಿಗುತ್ತದೆ. ಅದನ್ನು ತಂದು ಹಚ್ಚಿದರೂ ಅದೇ ಮಾತು, ಅದೇ ಸಂಕೇತ.

ಯಂತ್ರ ಸುಳ್ಳು ಹೇಳುತ್ತಿಲ್ಲ, ಬೇರೆ ಜಾಗದ ವಿಷಯ ಮಾತಾಡುತ್ತಿದೆ. ಸಿ, ಡಿ ಎಂದು ನಮಗೆ ಕಾಣುವ ಡ್ರೈವ್‌ಗಳ ಜೊತೆಗೆ ವಿಂಡೋಸ್ ತನ್ನ ಬಳಕೆಗೆಂದು ಒಂದೆರಡು ಪುಟ್ಟ ಪಾರ್ಟಿಷನ್‌ಗಳನ್ನು ಅಕ್ಷರದ ಹೆಸರಿಲ್ಲದೆ ಬಚ್ಚಿಟ್ಟುಕೊಂಡಿರುತ್ತದೆ. ಕಂಪ್ಯೂಟರನ್ನು ಎಬ್ಬಿಸುವುದು ಒಂದರ ಕೆಲಸ. ವಿಂಡೋಸ್ ಕೆಟ್ಟು ಕೂತಾಗ ದುರಸ್ತಿಗೆ ಬರುವ ರಿಕವರಿ ಪಾರ್ಟಿಷನ್ ಇನ್ನೊಂದು. ಸಿಸ್ಟಮ್ ಇಮೇಜ್ ತೆಗೆಯುವಾಗ ಇವುಗಳ ಪ್ರತಿಯೂ ಬೇಕು. ಪ್ರತಿ ತೆಗೆಯುವಷ್ಟು ಹೊತ್ತು ಒಳಗೆ ನಡೆಯುವ ಬದಲಾವಣೆಗಳನ್ನು ಬರೆದಿಟ್ಟುಕೊಳ್ಳಲು ಅಲ್ಲಿಯೂ ಸ್ವಲ್ಪ ಖಾಲಿ ಜಾಗ ಇರಬೇಕು. ಪಾರ್ಟಿಷನ್ 500 ಎಂಬಿಗಿಂತ ಚಿಕ್ಕದಾದರೆ 50 ಎಂಬಿ ಖಾಲಿ ಇದ್ದರೆ ಸಾಕು, ಅದಕ್ಕಿಂತ ದೊಡ್ಡದಾದರೆ 320 ಎಂಬಿ ಬೇಕು ಎಂಬುದು ನಿಯಮ. ವರ್ಷಗಟ್ಟಲೆ ಅಪ್‌ಡೇಟ್‌ಗಳು ಬಂದು ಬಂದು ಆ ಮೂಲೆ ತುಂಬಿರುತ್ತದೆ. ಹಜಾರದಲ್ಲಿ ಮದುವೆ ಮಾಡುವಷ್ಟು ಜಾಗವಿದ್ದರೂ ಬಚ್ಚಲಲ್ಲಿ ಬಕೆಟ್ ಇಡಲು ಸ್ಥಳವಿಲ್ಲದಂಥ ಸ್ಥಿತಿ ಇದು.

ನಿಯಮದ ತಮಾಷೆ ನೋಡಿ. 500 ಎಂಬಿಗಿಂತ ಕೂದಲೆಳೆಯಷ್ಟು ದೊಡ್ಡದಾದ ರಿಕವರಿ ಪಾರ್ಟಿಷನ್‌ನಲ್ಲಿ ನೂರು ಎಂಬಿ ಖಾಲಿ ಇದ್ದರೂ ಬ್ಯಾಕಪ್ ನಡೆಯದು. ಅದನ್ನೇ ಒಂದೆರಡು ಎಂಬಿ ಕುಗ್ಗಿಸಿ 499ಕ್ಕೆ ತಂದರೆ ನಡೆಯುತ್ತದೆ! ಜಾಗ ಸಾಲದು ಎಂಬ ಕಾಯಿಲೆಗೆ ಜಾಗ ಕಡಿಮೆ ಮಾಡುವುದೇ ಮದ್ದು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಈ ಪಾರ್ಟಿಷನ್‌ಗಳ ಅಳತೆ ನೋಡುವುದಕ್ಕೆ ಯಾವ ಅಪಾಯವೂ ಇಲ್ಲ. ಕುಗ್ಗಿಸುವುದು, ಹಿಗ್ಗಿಸುವುದು ಮಾತ್ರ ಕೈ ನಡುಗದವರ ಕೆಲಸ.

ಈ ಮೂಲೆಯ ಇಕ್ಕಟ್ಟು ಮೈಕ್ರೋಸಾಫ್ಟಿಗೂ ಬಿಸಿ ಮುಟ್ಟಿಸಿದೆ. 2024ರ ಜನವರಿಯಲ್ಲಿ ರಿಕವರಿ ಭಾಗಕ್ಕೆಂದು ಅದು ಕಳಿಸಿದ ಭದ್ರತಾ ಅಪ್‌ಡೇಟ್ ಅಸಂಖ್ಯ ಮನೆಗಳಲ್ಲಿ ಕೂರಲೇ ಇಲ್ಲ. ಅದಕ್ಕೆ ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಬೇಕಿತ್ತು. ಪರದೆಯ ಮೇಲೆ ಬಂದದ್ದು ಮಾತ್ರ 80070643 ಎಂಬ, ಅಪ್‌ಡೇಟ್ ಕೂರಲಿಲ್ಲ ಎಂದಷ್ಟೇ ಹೇಳುವ ಸಂಕೇತ. ಜಾಗದ ಕೊರತೆ ಎಂದು ತೋರಿಸಬೇಕಾದ ಕಡೆ ತಪ್ಪು ಸಂಕೇತ ತೋರುತ್ತಿದೆ ಎಂದು ಕಂಪನಿಯೇ ಒಪ್ಪಿಕೊಂಡಿತು. ಪಾರ್ಟಿಷನ್ ಹಿಗ್ಗಿಸುವ ಆದೇಶಗಳನ್ನು ಬರೆದುಕೊಟ್ಟು, ನೀವೇ ಮಾಡಿಕೊಳ್ಳಿ ಎಂದಿತು. ಫೋಟೊ ನೋಡಲು, ಮಕ್ಕಳ ಪ್ರಾಜೆಕ್ಟ್ ಪ್ರಿಂಟ್ ತೆಗೆಯಲು ಕಂಪ್ಯೂಟರ್ ಇಟ್ಟುಕೊಂಡವರಿಗೆ ಇದೆಂಥ ಮನೆಗೆಲಸ ಎಂದು ಯಾರಾದರೂ ಕೇಳಬೇಕಿತ್ತು.

ಇಷ್ಟು ಹೇಳಿದ ಮೇಲೆ ದೋಷಸಂಕೇತಗಳ ಪಟ್ಟಿ ಹಿಡಿದು ಕೂರುವುದು ಸುಲಭ. ಆದರೆ ಅದಕ್ಕಿಂತ ಮೊದಲಿನ ಕೆಲಸವೊಂದಿದೆ. ಬ್ಯಾಕಪ್ ಕೈಕೊಟ್ಟಿತು ಎಂದು ಗೊತ್ತಾದ ಗಳಿಗೆಯಲ್ಲೇ ಫೋಟೊ, ಮನೆಪತ್ರದ ಸ್ಕ್ಯಾನ್, ಮಕ್ಕಳ ಅಂಕಪಟ್ಟಿ, ಬರೆದಿಟ್ಟ ಬರಹ ಇವಿಷ್ಟನ್ನು ಆಯ್ದು ಕೈಯಾರೆ ಬೇರೊಂದು ಡಿಸ್ಕ್‌ಗೆ ನಕಲು ಮಾಡಿ. ಆಮೇಲೆ ರೋಗ ಹುಡುಕಿ. ಯಾಕೆಂದರೆ ಬ್ಯಾಕಪ್ ಎನ್ನುವುದು ಡಿಸ್ಕ್‌ನ ಮೂಲೆಮೂಲೆಯನ್ನೂ ಓದುವ ಕೆಲಸ. ದಿನನಿತ್ಯದ ಬಳಕೆಯಲ್ಲಿ ಯಾರೂ ಮುಟ್ಟದ, ಹಾಳಾಗಿ ಬಿದ್ದಿರುವ ಜಾಗಗಳು ಮೊದಲು ಸಿಕ್ಕಿಬೀಳುವುದು ಅಲ್ಲೇ. ಡಿಸ್ಕ್ ಸಾಯುತ್ತಿದೆ ಎಂಬುದರ ಮೊದಲ ಸೂಚನೆ ಎಷ್ಟೋ ಸಲ ಬ್ಯಾಕಪ್ ನಿಂತುಹೋಗುವುದೇ ಆಗಿರುತ್ತದೆ.

8007045ಡಿ ಅಥವಾ 80070017 ಎಂದು ಮುಗಿಯುವ ಸಂಕೇತ ಬಂದರಂತೂ ತಡಮಾಡಬಾರದು. ಮೊದಲಿನದು ಡಿಸ್ಕ್‌ನೊಡನೆ ಓದು-ಬರಹವೇ ಸಾಧ್ಯವಾಗುತ್ತಿಲ್ಲ ಎನ್ನುತ್ತದೆ. ಎರಡನೆಯದು ಓದಿದ್ದು ಲೆಕ್ಕಕ್ಕೆ ತಾಳೆಯಾಗುತ್ತಿಲ್ಲ ಎನ್ನುತ್ತದೆ. ಇಲ್ಲೇ ಬಹಳ ಜನ ಎಡವುವುದು. ಯಾರೋ ಹೇಳಿದರೆಂದು ಕೂಡಲೇ ಚೆಕ್‌ಡಿಸ್ಕ್ ಆದೇಶ ಕೊಟ್ಟು ಇಡೀ ಡಿಸ್ಕನ್ನು ಉಜ್ಜಿ ನೋಡಲು ಬಿಡುತ್ತಾರೆ. ಕೊನೆಯುಸಿರಿನಲ್ಲಿರುವ ಡಿಸ್ಕ್‌ಗೆ ಗಂಟೆಗಟ್ಟಲೆ ಆ ಕೆಲಸ ಕೊಟ್ಟರೆ, ಉಳಿಸಿಕೊಳ್ಳಬಹುದಾಗಿದ್ದ ಫೈಲೂ ಕೈತಪ್ಪಬಹುದು. ಮೊದಲು ನಕಲು, ಆಮೇಲೆ ಚೆಕ್‌ಡಿಸ್ಕ್. ಡಿಸ್ಕ್ ಹೋಯಿತು ಎಂದು ತೀರ್ಮಾನಿಸುವ ಮೊದಲು ಕೇಬಲ್ ಬದಲಿಸಿ ನೋಡುವುದೂ ಒಳ್ಳೆಯದು. ಡೆಸ್ಕ್‌ಟಾಪ್ ಪೆಟ್ಟಿಗೆಯ ಮುಂದಿನ ಯುಎಸ್‌ಬಿ ತೂತಿಗೋ, ನಾಲ್ಕು ಕವಲಿನ ಹಬ್‌ಗೋ ಸಿಕ್ಕಿಸಿದ ಡಿಸ್ಕ್‌ಗೆ ಕರೆಂಟು ಸಾಲದೆ ಅದು ನಡುದಾರಿಯಲ್ಲಿ ಕಣ್ಮುಚ್ಚುವುದುಂಟು. ಹಿಂದಿನ ತೂತಿಗೆ ನೇರವಾಗಿ ಹಾಕಿದರೆ ಎಷ್ಟೋ ಸಲ ಅಲ್ಲಿಗೇ ಸರಿಹೋಗುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕ್‌ನ ಆರೋಗ್ಯವನ್ನು ಬಣ್ಣದಲ್ಲೇ ತೋರಿಸುತ್ತದೆ. ಹಳದಿ ಬಂದರೆ ಹೊಸ ಡಿಸ್ಕ್‌ಗೆ ದುಡ್ಡು ಹೊಂದಿಸಿಕೊಳ್ಳಿ.

ಇನ್ನು ರಿಸ್ಟೋರ್ ಪಾಯಿಂಟ್, ಅಂದರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಒಯ್ಯಲು ಇಟ್ಟುಕೊಳ್ಳುವ ಗುರುತು. 2000ದಲ್ಲಿ ಬಂದ ವಿಂಡೋಸ್ ಎಂಇ ಆವೃತ್ತಿಯ ಬಗ್ಗೆ ಒಳ್ಳೆಯ ಮಾತಾಡುವವರು ಕಡಿಮೆ. ಆದರೆ ಈ ಸೌಲಭ್ಯ ಮನೆಗೆ ಬಂದದ್ದು ಅದರ ಜೊತೆಗೇ. ಇದರ ಬಗ್ಗೆ ಇರುವಷ್ಟು ತಪ್ಪು ನಂಬಿಕೆ ಬೇರಾವುದರ ಬಗ್ಗೆಯೂ ಇರಲಾರದು. ರಿಸ್ಟೋರ್ ಪಾಯಿಂಟ್ ಇದೆಯಲ್ಲ, ಫೋಟೊ ಅಳಿಸಿಹೋದರೂ ಹಿಂದಕ್ಕೆ ಹೋಗಬಹುದು ಎಂದುಕೊಂಡವರಿದ್ದಾರೆ. ಅದು ಹಿಂದಕ್ಕೆ ಒಯ್ಯುವುದು ವಿಂಡೋಸ್‌ನ ಫೈಲ್‌ಗಳು, ಡ್ರೈವರ್‌ಗಳು, ರಿಜಿಸ್ಟ್ರಿ ಮತ್ತು ಹಾಕಿಕೊಂಡ ತಂತ್ರಾಂಶಗಳನ್ನು. ನಿಮ್ಮ ಫೋಟೊ, ಪತ್ರಗಳ ಗೊಡವೆಗೆ ಅದು ಹೋಗುವುದಿಲ್ಲ. ಇರುವುದೂ ಅದೇ ಡಿಸ್ಕ್‌ನೊಳಗೆ. ಡಿಸ್ಕ್ ಸತ್ತರೆ ಅದೂ ಸತ್ತಿತು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವನ್ನಾಕ್ರೈ ಕುತಂತ್ರಾಂಶ, ಫೈಲ್‌ಗಳಿಗೆ ಬೀಗ ಜಡಿಯುವುದರ ಜೊತೆಗೆ ಡಿಸ್ಕ್‌ನಲ್ಲಿದ್ದ ರಿಸ್ಟೋರ್ ಪಾಯಿಂಟ್‌ಗಳಿಗೆ ಆಧಾರವಾದ ನೆರಳು ಪ್ರತಿಗಳನ್ನೂ (ಶ್ಯಾಡೊ ಕಾಪಿ) ಅಳಿಸಿಹಾಕುತ್ತಿತ್ತು. ಹಿಂದಿರುಗುವ ದಾರಿ ಎಲ್ಲಿದೆಯೆಂದು ಮನೆಯವರಿಗಿಂತ ಕಳ್ಳನಿಗೇ ಚೆನ್ನಾಗಿ ಗೊತ್ತಿತ್ತು.

ರಿಸ್ಟೋರ್ ಪಾಯಿಂಟ್‌ಗಳು 'ಮಾಯವಾದವು' ಎಂಬ ದೂರಿನ ಹಿಂದೆ ಬಹಳ ಸಲ ದೋಷವೇ ಇರುವುದಿಲ್ಲ. ವಿಂಡೋಸ್ 10ರಿಂದೀಚೆಗೆ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಈ ರಕ್ಷಣೆ ಬರುವಾಗಲೇ ಆರಿರುತ್ತದೆ. ನಾವಾಗಿ ಹೊತ್ತಿಸಬೇಕು. ಹೊತ್ತಿಸಿದರೂ ಅದಕ್ಕೆ ಕೊಟ್ಟ ಜಾಗ ತುಂಬಿದಾಗ ಹಳೆಯದು ಸದ್ದಿಲ್ಲದೆ ಹೋಗುತ್ತದೆ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದಾಗ ಹಿಂದಿನವು ಒಟ್ಟಿಗೇ ಹೋಗುತ್ತವೆ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ 2025ರ ಜೂನ್ ಅಪ್‌ಡೇಟ್‌ನ ನಂತರ ಇವುಗಳ ಆಯಸ್ಸು ಗರಿಷ್ಠ 60 ದಿನ. ಇನ್ನೊಂದು ಗುಟ್ಟು: ತಂತ್ರಾಂಶವೊಂದು ತನ್ನನ್ನು ಕೂರಿಸಿಕೊಳ್ಳುವ ಮೊದಲು ರಿಸ್ಟೋರ್ ಪಾಯಿಂಟ್ ಕೇಳಿದರೂ, ಹಿಂದಿನ 24 ಗಂಟೆಯೊಳಗೆ ಒಂದು ಆಗಿದ್ದರೆ ವಿಂಡೋಸ್ ಹೊಸದನ್ನು ಮಾಡುವುದಿಲ್ಲ. ಹೊಸ ಡ್ರೈವರ್ ಹಾಕುವ ಮೊದಲು ನೀವೇ ಹೋಗಿ 'ಕ್ರಿಯೇಟ್' ಒತ್ತಿ, ಹೆಸರು ಕೊಟ್ಟು ಮಾಡಿದ್ದೇ ನಂಬಿಕೆಯದು.

ರಿಸ್ಟೋರ್ ಪಾಯಿಂಟ್ ಆಗುವುದೇ ಇಲ್ಲ ಎಂದಾದರೆ ನೋಡಬೇಕಾದದ್ದು ವಾಲ್ಯೂಮ್ ಶ್ಯಾಡೊ ಕಾಪಿ ಎಂಬ ಸೇವೆಯನ್ನು. ಫೈಲ್‌ಗಳು ಬಳಕೆಯಲ್ಲಿರುವಾಗಲೇ ಅವುಗಳ ಒಂದು ಗಳಿಗೆಯ ಚಿತ್ರ ಹಿಡಿದಿಡುವುದು ಅದರ ಕೆಲಸ. ಸಿಸ್ಟಮ್ ಇಮೇಜ್, ರಿಸ್ಟೋರ್ ಪಾಯಿಂಟ್ ಎರಡೂ ಅದರ ಹೆಗಲ ಮೇಲೇ ನಿಂತಿವೆ. ಕಂಪ್ಯೂಟರ್ 'ವೇಗ ಮಾಡಿಕೊಡುವ' ಉಚಿತ ತಂತ್ರಾಂಶಗಳು ಈ ಸೇವೆಯನ್ನು ಅನಗತ್ಯ ಎಂದು ನಿಲ್ಲಿಸಿಬಿಟ್ಟಿರುತ್ತವೆ. ಅಂಥವನ್ನು ಹಾಕಿಕೊಳ್ಳದಿರುವುದೇ ಲೇಸು. ಸರ್ವಿಸಸ್ ಪಟ್ಟಿಯಲ್ಲಿ ಅದು 'ಡಿಸೇಬಲ್ಡ್' ಎಂದಿದ್ದರೆ 'ಮ್ಯಾನುಯಲ್' ಮಾಡಿದರೆ ಸಾಕು. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ವಿಎಸ್‌ಎಸ್‌ಅಡ್ಮಿನ್ ಲಿಸ್ಟ್ ರೈಟರ್ಸ್' ಎಂಬ ಆದೇಶ ಕೊಟ್ಟರೆ ಚಿತ್ರ ಹಿಡಿಯಲು ಸಹಕರಿಸಬೇಕಾದವರ ಹಾಜರಿ ಸಿಗುತ್ತದೆ. ಅದರಲ್ಲಿ ಯಾವುದಾದರೂ 'ಫೇಲ್ಡ್' ಎಂದಿದ್ದರೆ ಒಮ್ಮೆ ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ. ನಗಬೇಡಿ, ಬಹುಪಾಲು ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಪಾಯಿಂಟ್ ಇದೆ, ಹಿಂದಕ್ಕೆ ಹೋಗಲು ಮಾತ್ರ ಬಿಡುತ್ತಿಲ್ಲ ಎನ್ನುವುದು ಇನ್ನೊಂದು ಬಗೆ. 80070005 ಎಂದರೆ ಯಾರೋ ಬಾಗಿಲು ತಡೆದಿದ್ದಾರೆ, ಸಾಮಾನ್ಯವಾಗಿ ಆಂಟಿವೈರಸ್. ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿಯೋ, ಸೇಫ್ ಮೋಡ್‌ನಲ್ಲಿಯೋ ಪ್ರಯತ್ನಿಸಬೇಕು. 80070091 ಬಂದರೆ ಮೈಕ್ರೋಸಾಫ್ಟ್ ಸ್ಟೋರ್ ಆ್ಯಪ್‌ಗಳನ್ನಿಡುವ 'ವಿಂಡೋಸ್‌ಆ್ಯಪ್ಸ್' ಫೋಲ್ಡರ್ ಅಡ್ಡ ಬಂದಿದೆ ಎಂದರ್ಥ. ಸೇಫ್ ಮೋಡ್‌ನಲ್ಲಿ ಅದರ ಹೆಸರು ಬದಲಿಸಿ ದಾಟಬಹುದು. ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಮಾಡಿ, ವಿಂಡೋಸ್ ಏಳುವ ಮೊದಲೇ ರಿಕವರಿ ಪರದೆಯಿಂದ ರಿಸ್ಟೋರ್ ಮಾಡುವುದು ನನಗೆ ಇವೆಲ್ಲಕ್ಕಿಂತ ಮೆಚ್ಚು. ಅಲ್ಲಿ ಅಡ್ಡಗಾಲು ಹಾಕುವವರು ಕಡಿಮೆ. ಆದರೆ ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ತಾನಾಗಿ ಬಿದ್ದಿರುತ್ತದೆ. ರಿಕವರಿ ಪರದೆ 48 ಅಂಕಿಯ ಕೀಲಿ ಕೇಳುತ್ತದೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಖಾತೆಯ ಪಾಸ್‌ವರ್ಡ್ ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗ ಹಾಕಿಕೊಟ್ಟದ್ದಾಗಿದ್ದರೆ ಆ ರಾತ್ರಿ ನಿದ್ದೆಯಿಲ್ಲ. ಕೀಲಿಯನ್ನು ಇವತ್ತೇ ಕಾಗದದ ಮೇಲೆ ಬರೆದು ಮನೆಪತ್ರಗಳ ಜೊತೆ ಇಡಿ.

ಸಿಸ್ಟಮ್ ಇಮೇಜ್ ಇಟ್ಟುಕೊಂಡವರು ಮಾಡುವ ಒಂದು ಒಳ್ಳೆಯ ಕೆಲಸವೇ ಅವರಿಗೆ ಮುಳುವಾಗುವುದುಂಟು. ಎಕ್ಸ್‌ಟರ್ನಲ್ ಡಿಸ್ಕನ್ನು ಓರಣ ಮಾಡುತ್ತ 'ವಿಂಡೋಸ್‌ಇಮೇಜ್‌ಬ್ಯಾಕಪ್' ಫೋಲ್ಡರನ್ನು 'ಹಳೆಯ ಬ್ಯಾಕಪ್' ಎಂಬ ಇನ್ನೊಂದು ಫೋಲ್ಡರಿನೊಳಗೆ ಹಾಕಿಡುತ್ತಾರೆ. ರಿಕವರಿ ಪರದೆ ಅದನ್ನು ಹುಡುಕುವುದು ಡಿಸ್ಕ್ ತೆರೆದ ಕೂಡಲೇ ಕಾಣುವ ಮೊದಲ ಹಂತದಲ್ಲಿ, ಅದೇ ಹೆಸರಿನಲ್ಲಿ. ಒಳಗೆ ಸರಿಸಿದರೆ ಇಮೇಜ್ ಇಲ್ಲವೇ ಇಲ್ಲ ಎನ್ನುತ್ತದೆ. ಅಂದಹಾಗೆ, ಈ ಇಮೇಜ್ ಸಾಧನವನ್ನು ಇನ್ನು ಬೆಳೆಸುವುದಿಲ್ಲ ಎಂದು ಮೈಕ್ರೋಸಾಫ್ಟ್ 2017ರಲ್ಲೇ ಹೇಳಿದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇಂದಿಗೂ 'ವಿಂಡೋಸ್ 7' ಎಂಬ ಹಣೆಪಟ್ಟಿಯೊಡನೆ ಅದು ಕೂತಿದೆ. ಇದೇ ರೀತಿ ರಿಜಿಸ್ಟ್ರಿಯ ಪ್ರತಿಯಿಡುತ್ತಿದ್ದ 'ರೆಗ್‌ಬ್ಯಾಕ್' ಫೋಲ್ಡರ್‌ನಲ್ಲಿ ವಿಂಡೋಸ್ 10ರ 1803 ಆವೃತ್ತಿಯಿಂದ ಫೈಲ್‌ಗಳ ಹೆಸರು ಇವೆ, ಅಳತೆ ಸೊನ್ನೆ. ಜಾಗ ಉಳಿಸಲು ಬೇಕೆಂದೇ ಹಾಗೆ ಮಾಡಿದ್ದು ಎಂಬ ವಿವರಣೆ ಬಂದದ್ದು ಮರುವರ್ಷ.

ಮನೆಯವರಿಗಷ್ಟೇ ಈ ಪಾಡು ಎಂದುಕೊಳ್ಳಬೇಡಿ. ತಂತ್ರಾಂಶ ಬರೆಯುವವರೇ ನೆಚ್ಚಿಕೊಂಡ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಎಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಅಳಿಸಿದರು. ನಿತ್ಯದ ಬ್ಯಾಕಪ್ ಇರಬೇಕಾದಲ್ಲಿ ನೋಡಿದರೆ ಖಾಲಿ. ಬ್ಯಾಕಪ್ ತೆಗೆಯುವ ತಂತ್ರಾಂಶದ ಆವೃತ್ತಿ 9.2, ಡೇಟಾಬೇಸಿನದು 9.6. ಎರಡೂ ಒಂದಕ್ಕೊಂದು ಹೊಂದದೆ ಬ್ಯಾಕಪ್ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಇಮೇಲ್‌ಗಳನ್ನು ಅವರದೇ ಮೇಲ್ ವ್ಯವಸ್ಥೆ ಒಳಗೆ ಬಿಟ್ಟಿರಲಿಲ್ಲ. ಕೊನೆಗೆ ಕೈಹಿಡಿದದ್ದು, ಸುಮಾರು ಆರು ಗಂಟೆ ಮೊದಲು ಬೇರಾವುದೋ ಕೆಲಸಕ್ಕೆಂದು ಕೈಯಾರೆ ತೆಗೆದಿದ್ದ ಪ್ರತಿ.

ಮನೆಯಲ್ಲಿಯೂ ವೈಫಲ್ಯದ ಸುದ್ದಿ ಹೀಗೇ ತಡವಾಗುತ್ತದೆ. ವಿಂಡೋಸ್‌ನ ಫೈಲ್ ಹಿಸ್ಟರಿ ಎಂಬ ಬ್ಯಾಕಪ್ ಸೌಲಭ್ಯ ಗಂಟೆಗೊಮ್ಮೆ ಪ್ರತಿ ತೆಗೆಯುತ್ತದೆ, ಡಿಸ್ಕ್ ಸಿಕ್ಕಿಸಿದ್ದರೆ. ಬೀರುವಿನಲ್ಲಿಟ್ಟರೆ ಮೂಲೆಯಲ್ಲೊಂದು ಚೀಟಿ ತೋರಿಸಿ ಸುಮ್ಮನಾಗುತ್ತದೆ. ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ನ ಉಚಿತ 5 ಜಿಬಿ ತುಂಬಿದರೆ ಮುಂದಿನ ಫೋಟೊ ಮೇಲಕ್ಕೆ ಹೋಗುವುದಿಲ್ಲ. ಅಲ್ಲದೆ ಒನ್‌ಡ್ರೈವ್ ಮಾಡುವುದು ಎರಡೂ ಕಡೆ ಒಂದೇ ಥರ ಇಡುವ ಕೆಲಸ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಕಸದಬುಟ್ಟಿಯಲ್ಲಿ 30 ದಿನ ಸಿಗುತ್ತದೆ, ಅಷ್ಟೇ. ಟ್ಯಾಲಿಯಲ್ಲಿ ಅಂಗಡಿ ಲೆಕ್ಕ ಬರೆಯುವವರು ಗಮನಿಸಬೇಕಾದ್ದು ಇನ್ನೊಂದಿದೆ. ಅದರ ದತ್ತಾಂಶ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಇರುವುದಿಲ್ಲ. ಆದ್ದರಿಂದ ಡಾಕ್ಯುಮೆಂಟ್ಸ್ ಮಾತ್ರ ನಕಲು ಮಾಡುವ ಬ್ಯಾಕಪ್ ಯಶಸ್ವಿಯಾದರೂ ವರ್ಷದ ಲೆಕ್ಕ ಅದರಲ್ಲಿಲ್ಲ.

ಕನ್ನಡದಲ್ಲಿ ಟೈಪ್ ಮಾಡಿಟ್ಟವರಿಗೆ ಮತ್ತೊಂದು ತೊಡಕು. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಬರೆದ ಫೈಲ್‌ಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಅದನ್ನು ಕನ್ನಡವಾಗಿ ತೋರಿಸುವುದು ಫಾಂಟ್. ಕೆಟ್ಟ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಿ, ಫೈಲ್‌ಗಳನ್ನೆಲ್ಲ ಜೋಪಾನವಾಗಿ ಹಿಂದಕ್ಕೆ ಹಾಕಿ ತೆರೆದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರ. ಫೈಲ್ ಹಾಳಾಯಿತೆಂದು ಅದನ್ನು ಅಳಿಸಿಬಿಡಬೇಡಿ. ಫಾರ್ಮ್ಯಾಟ್ ಮಾಡಿಸುವ ಮೊದಲೇ, ಯಂತ್ರ ಇನ್ನೂ ಏಳುತ್ತಿದ್ದರೆ, ಅದರ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್‌ನಿಂದ ನುಡಿ, ಬರಹದ ಫಾಂಟ್‌ಗಳನ್ನು ಡಿಸ್ಕ್‌ಗೆ ನಕಲು ಮಾಡಿಟ್ಟುಕೊಳ್ಳಿ. ಬಿಡುವಾದಾಗ ಆ ಬರಹಗಳನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ತಂದು, ಮೂಲವನ್ನೂ ಪಕ್ಕದಲ್ಲೇ ಉಳಿಸಿಕೊಳ್ಳಿ. ಪರಿವರ್ತನೆಯಲ್ಲಿ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಿಗಿಯುವುದು, ಒತ್ತಕ್ಷರ ಕಳಚಿಕೊಳ್ಳುವುದು ಮಾಮೂಲು. ಹೆಸರುಗಳಿರುವ ಪುಟಗಳನ್ನಾದರೂ ಮೂಲದೊಂದಿಗೆ ಹೋಲಿಸಿ ಓದಿ.