ನಂದಿಬಟ್ಟಲಿಗೆ ಬರುವ ಹಸಿರು ಅತಿಥಿ

ನಂದಿಬಟ್ಟಲು ಗಿಡದ ಬುಡದಲ್ಲಿ ಮೆಣಸಿನ ಕಾಳಿನಂಥ ಕಪ್ಪು ಹಿಕ್ಕೆಗಳು ಬಿದ್ದಿವೆಯೇ? ಹಾಗಿದ್ದರೆ ತಲೆ ಎತ್ತಿ ರೆಂಬೆಗಳನ್ನು ಹುಡುಕಿ. ಹೆಬ್ಬೆರಳಿನಷ್ಟು ದಪ್ಪದ ಹಸಿರು ಹುಳುವೊಂದು ಅಲ್ಲಿ ಎಲೆ ಮೇಯುತ್ತಿರಬಹುದು. ಅದು ಕಣಗಿಲೆ ಪತಂಗದ ಮರಿ. ಇಂಗ್ಲಿಷಿನಲ್ಲಿ ಇದು ಓಲಿಯಾಂಡರ್ ಹಾಕ್‌ಮಾತ್. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇದಕ್ಕೆ 'ನೆರಿಯೈ' ಎಂದು ಹೆಸರಿಟ್ಟ. ಕಣಗಿಲೆಯ ಶಾಸ್ತ್ರೀಯ ಹೆಸರು ನೀರಿಯಂ. ಅದರಿಂದ ಬಂದದ್ದು ನೆರಿಯೈ.

ಕಣಗಿಲೆ ವಿಷದ ಗಿಡ. ದನಕರುಗಳು ತಿಂದರೆ ಪ್ರಾಣಕ್ಕೇ ಅಪಾಯ. ಈ ಹುಳುವಿಗೆ ಮಾತ್ರ ಅದೇ ಮೃಷ್ಟಾನ್ನ! ಅದೇ ಕುಟುಂಬದ ನಂದಿಬಟ್ಟಲು, ನಿತ್ಯಪುಷ್ಪ, ಹಾಲೆ ಮರದ ಎಲೆಗಳೂ ಇದಕ್ಕೆ ಇಷ್ಟ.

ತಾಯಿ ಪತಂಗ ಎಲೆಯ ಮೇಲೆ ಒಂದೊಂದಾಗಿ ತಿಳಿಹಸಿರು ಮೊಟ್ಟೆ ಇಡುತ್ತದೆ. ಕೆಲವೇ ದಿನಗಳಲ್ಲಿ ಹೊರಬರುವ ಪುಟ್ಟ ಮರಿಯ ಹಿಂತುದಿಯಲ್ಲಿ ಉದ್ದನೆಯ ಕಪ್ಪು ಕೊಂಬು. ಬೆಳೆದಂತೆ ಆ ಕೊಂಬು ಮೋಟಾಗಿ ಹಳದಿಗೆ ತಿರುಗುತ್ತದೆ. ಎದೆಯ ಭಾಗದಲ್ಲಿ ಎರಡು ನೀಲಿ ಕಣ್ಣುಗಳಿರುವಂತೆ ಕಾಣುತ್ತದಲ್ಲ, ಅವು ಕಣ್ಣಲ್ಲ, ಬರೀ ಗುರುತು. ನಾನು ಕಡ್ಡಿಯಿಂದ ಮೆಲ್ಲಗೆ ರೆಂಬೆ ಅಲುಗಿಸಿದಾಗ ಹುಳು ತಲೆಯನ್ನು ಒಳಗೆ ಮಡಚಿ ಆ 'ಕಣ್ಣು'ಗಳನ್ನು ಉಬ್ಬಿಸಿ ತೋರಿಸಿತು. ಹಕ್ಕಿಯನ್ನು ಬೆದರಿಸುವ ಉಪಾಯ ಇದು.

ಎರಡು ಮೂರು ವಾರ ತಿಂದು ಕೊಬ್ಬಿದ ಹುಳು ಕಂದುಬಣ್ಣಕ್ಕೆ ತಿರುಗಿ ಕೆಳಗಿಳಿಯುತ್ತದೆ. ತರಗೆಲೆಗಳ ನಡುವೆ ಕೋಶವಾಗಿ ಮಲಗುತ್ತದೆ. ಮತ್ತೆ ಸುಮಾರು ಎರಡು ವಾರಕ್ಕೆ ಪತಂಗ! ಹಸಿರು, ಬಿಳಿ, ನಸುಗೆಂಪು ಅಲೆಗಳ ರೆಕ್ಕೆ. ಬಿಚ್ಚಿದರೆ ಸುಮಾರು 10 ಸೆಂಟಿಮೀಟರ್ ಅಗಲ. ಮುಸ್ಸಂಜೆಯಲ್ಲಿ ಮಲ್ಲಿಗೆಯಂಥ ಹೂಗಳ ಮುಂದೆ ಗಾಳಿಯಲ್ಲೇ ನಿಂತು ಉದ್ದನೆಯ ಹೀರುನಾಲಿಗೆಯಿಂದ ಮಕರಂದ ಕುಡಿಯುತ್ತದೆ. ಹೂವಿಂದ ಹೂವಿಗೆ ಪರಾಗವನ್ನೂ ಒಯ್ಯುತ್ತದೆ.

ಆಫ್ರಿಕಾದಲ್ಲೂ ನಮ್ಮ ದೇಶವೂ ಸೇರಿ ದಕ್ಷಿಣ ಏಷ್ಯಾದಲ್ಲೂ ಇದರ ವಾಸ. ಬೇಸಿಗೆಯಲ್ಲಿ ಕೆಲವು ಪತಂಗಗಳು ಯೂರೋಪಿನವರೆಗೂ ಹಾರುತ್ತವೆ. ಆದರೆ ಅಲ್ಲಿನ ಉತ್ತರದ ಚಳಿಗಾಲವನ್ನು ಅವು ತಾಳಲಾರವು.

ನಮ್ಮ ಗಿಡದ ಅರ್ಧ ಎಲೆ ಖಾಲಿಯಾದಾಗ, "ಮದ್ದು ಹೊಡೀರಿ, ಇಲ್ಲದಿದ್ದರೆ ಗಿಡ ಹೋಗುತ್ತೆ" ಎಂದರು ಪಕ್ಕದ ಮನೆಯವರು. ನಾನು ಹೊಡೆಯಲಿಲ್ಲ. ತಿಂಗಳೊಳಗೆ ಗಿಡ ಚಿಗುರಿತು, ಮತ್ತೆ ಹೂವೂ ಬಿಟ್ಟಿತು.

ಮಕ್ಕಳೇ, ನಿಮ್ಮಲ್ಲೂ ಈ ಅತಿಥಿ ಬಂದರೆ ಎಲೆ ಎಣಿಸಬೇಡಿ. ಗಿಡದ ಬುಡದ ತರಗೆಲೆಯನ್ನು ಕೆಲವು ದಿನ ಗುಡಿಸದೆ ಬಿಡಿ. ಕಣಗಿಲೆ ಮುಟ್ಟಿದರೆ ಮರೆಯದೆ ಕೈ ತೊಳೆಯಿರಿ. ಅದನ್ನು ತಿಂದು ಅರಗಿಸಿಕೊಳ್ಳುವ ಶಕ್ತಿ ಹುಳುವಿಗಿದೆ, ನಮಗಿಲ್ಲ!