ಮನೆಯ ವೈಫೈಗೆ ಫೋನ್ ಸೇರದಿದ್ದರೆ ಏನು ಮಾಡಬೇಕು?

ಸಿಇಟಿ ಅರ್ಜಿ ತುಂಬಬೇಕು, ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಬೇಕು, ಕೊನೆಯ ದಿನ ಹತ್ತಿರ ಬಂದಿದೆ. ಅಷ್ಟರಲ್ಲಿ ಫೋನ್ ಮನೆಯ ವೈಫೈಗೆ ಸೇರುವುದಿಲ್ಲ. ಗಾಬರಿಯಲ್ಲಿ ಕೆಲವರು ಫೋನನ್ನೇ ಪೂರ್ತಿ ರೀಸೆಟ್ ಮಾಡಿ ಫೋಟೊ, ನೋಟ್ಸ್ ಎಲ್ಲ ಕಳೆದುಕೊಳ್ಳುತ್ತಾರೆ. ಅದರ ಅಗತ್ಯವಿಲ್ಲ. ತೊಂದರೆ ಫೋನಿನಲ್ಲಿದೆಯೋ, ರೂಟರ್‌ನಲ್ಲಿದೆಯೋ, ಹೊರಗಿನ ಲೈನಿನಲ್ಲಿದೆಯೋ ಎಂದು ಮೊದಲು ತಿಳಿದುಕೊಳ್ಳಿ.

ಮನೆಯ ಇನ್ನೊಂದು ಫೋನಿನಲ್ಲಿ ವೈಫೈ ಹಾಕಿ ನೋಡಿ. ಅದರಲ್ಲೂ ಇಂಟರ್ನೆಟ್ ಬರದಿದ್ದರೆ ನಿಮ್ಮ ಫೋನಿನ ತಪ್ಪಲ್ಲ. ಫೈಬರ್ ರೂಟರ್‌ನಲ್ಲಿ ‘ಲಾಸ್’ ಎಂಬ ದೀಪ ಕೆಂಪಾಗಿದ್ದರೆ ಹೊರಗಿನ ಕೇಬಲ್‌ನಿಂದ ಬೆಳಕಿನ ಸಂಕೇತ ಬರುತ್ತಿಲ್ಲ ಎಂದರ್ಥ. ಆಗ ಕಂಪನಿಗೆ ದೂರು ಕೊಡುವುದೇ ದಾರಿ. ದೀಪಗಳು ಸರಿಯಿದ್ದರೆ ರೂಟರ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಎಂದು ಫೋನ್ ಅಲ್ಲಿಯೇ ನಿಂತಿದ್ದರೂ ಇದರಿಂದ ಸರಿಹೋಗುವುದುಂಟು. ಆದರೆ ರೂಟರ್ ಹಿಂದಿನ ಸಣ್ಣ ರಂಧ್ರದ ರೀಸೆಟ್ ಗುಂಡಿಯನ್ನು ಒತ್ತಬೇಡಿ. ಕಂಪನಿಯವರು ಹಾಕಿಕೊಟ್ಟ ಸೆಟ್ಟಿಂಗ್ ಅಳಿಸಿಹೋಗಬಹುದು.

ಇನ್ನೊಂದು ಫೋನ್ ಚೆನ್ನಾಗಿ ನಡೆದು ನಿಮ್ಮದು ಮಾತ್ರ ಸೇರದಿದ್ದರೆ ಈ ಕ್ರಮದಲ್ಲಿ ನೋಡಿ:

1. ಏರೋಪ್ಲೇನ್ ಮೋಡ್ ಆನ್ ಮಾಡಿ, ಆಫ್ ಮಾಡಿ. ಆಮೇಲೆ ಫೋನ್ ರೀಸ್ಟಾರ್ಟ್ ಮಾಡಿ.

2. ವೈಫೈ ಹೆಸರನ್ನು ಒತ್ತಿ ‘ಫರ್ಗೆಟ್’ ಕೊಟ್ಟು, ಪಾಸ್‌ವರ್ಡ್ ಹೊಸದಾಗಿ ಹಾಕಿ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಎಂಬುದು ನೆನಪಿರಲಿ.

3. ದಿನಾಂಕ, ಸಮಯ ಸರಿಯಿದೆಯೇ ನೋಡಿ. ತಪ್ಪಿದ್ದರೆ ವೈಫೈ ಸೇರಿದರೂ ಅನೇಕ ವೆಬ್‌ಸೈಟ್‌ಗಳು ತೆರೆಯುವುದಿಲ್ಲ.

4. ವೈಫೈ ಹೆಸರೇ ಕಾಣದಿದ್ದರೆ ರೂಟರ್ ಹತ್ತಿರ ಹೋಗಿ ನೋಡಿ. ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಅಲೆಗಳಲ್ಲಿ ಕೆಲಸ ಮಾಡುತ್ತದೆ. 5ರದ್ದು ವೇಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ನಮ್ಮ ಮುಳಬಾಗಿಲು, ಶ್ರೀನಿವಾಸಪುರ ಕಡೆಯ ದಪ್ಪ ಗೋಡೆ, ಕಲ್ಲು ಚಪ್ಪಡಿಯ ಹಳೆಯ ಮನೆಗಳಲ್ಲಿ ಒಳಕೋಣೆಗೆ ಅದು ಸರಿಯಾಗಿ ತಲುಪುವುದಿಲ್ಲ. ಕೆಲವು ಹಳೆಯ ಫೋನುಗಳಿಗೆ 5 ಹಿಡಿಯುವುದೇ ಇಲ್ಲ. ಅಂಥಲ್ಲಿ 2.4 ಆರಿಸಿಕೊಳ್ಳಿ.

5. ಹೊಸ ರೂಟರ್ ಹಾಕಿಸಿದ ಮೇಲೆ ಹಳೆಯ ಫೋನ್ ಮಾತ್ರ ಸೇರದಿದ್ದರೆ, ರೂಟರ್‌ನ ಭದ್ರತೆ ‘ಡಬ್ಲ್ಯೂಪಿಎ3’ಗೆ ಮಾತ್ರ ಇರಬಹುದು. ಅದನ್ನು ‘ಡಬ್ಲ್ಯೂಪಿಎ2’ ಮಾಡಿಕೊಡಲು ಕಂಪನಿಯವರನ್ನು ಕೇಳಿ.

6. ಕೊನೆಗೆ ಸೆಟ್ಟಿಂಗ್ಸ್‌ನಲ್ಲಿ ‘ನೆಟ್‌ವರ್ಕ್ ರೀಸೆಟ್’ ಕೊಡಿ. ಉಳಿಸಿದ ವೈಫೈ ಪಾಸ್‌ವರ್ಡ್, ಬ್ಲೂಟೂತ್ ಜೋಡಣೆ ಅಳಿಸುತ್ತವೆ. ಫೋಟೊ, ಮೆಸೇಜ್ ಹಾಗೆಯೇ ಇರುತ್ತವೆ. ‘ಫ್ಯಾಕ್ಟರಿ ರೀಸೆಟ್’ ಬೇರೆ, ಅದನ್ನು ಮುಟ್ಟಬೇಡಿ.

ಇಷ್ಟಾದರೂ ಆಗದಿದ್ದರೆ ಅಂಗಡಿಯಲ್ಲಿ ತೋರಿಸಿ. ಏನೇನು ಮಾಡಿ ನೋಡಿದ್ದೀರಿ ಎಂದು ಹೇಳಿದರೆ ಸುಮ್ಮನೆ ಖರ್ಚು ಹಚ್ಚುವುದು ತಪ್ಪುತ್ತದೆ. ಅಲ್ಲಿಯವರೆಗೆ ಮನೆಯವರ ಫೋನಿನ ಹಾಟ್‌ಸ್ಪಾಟ್‌ನಿಂದ ಅರ್ಜಿ ಮುಗಿಸಿ. ಒಟಿಪಿ ಎಸ್‌ಎಂಎಸ್ ಸಾಮಾನ್ಯವಾಗಿ ಬರುವುದು ಸಿಮ್‌ನ ನೆಟ್‌ವರ್ಕ್ ಮೂಲಕ, ವೈಫೈಯಿಂದಲ್ಲ. ಹಾಗಾಗಿ ಅರ್ಜಿಗೆ ಕೊಟ್ಟ ನಂಬರಿನ ಫೋನ್ ಪಕ್ಕದಲ್ಲೇ ಇರಲಿ, ಆ ಒಟಿಪಿಯನ್ನು ಯಾರಿಗೂ ಹೇಳಬೇಡಿ.