ನಿಮಗಿದು ಗೊತ್ತೇ? ಮದುವೆಗೆ ಬಂದರು, ಮತ ಕೊಡಲಿಲ್ಲ!

‘ನನಗೂ ಸಲಿಂಗಿ ಸ್ನೇಹಿತರಿದ್ದಾರೆ’ ಎನ್ನುವುದು ರಾಜಕಾರಣಿಗಳ ಬಾಯಲ್ಲಿ ಸವೆದುಹೋದ ಮಾತು. ಸ್ನೇಹಿತರಿರುವುದು ಸುಳ್ಳಲ್ಲ. ಮನೆಯಲ್ಲೇ ಮಗನೋ ಮಗಳೋ ತಂಗಿಯೋ ಇರುವವರೂ ಉಂಟು. ಆದರೆ ಸದನದಲ್ಲಿ ಮತ ಹಾಕುವ ಹೊತ್ತು ಬಂದಾಗ ಅವರೇನು ಮಾಡಿದರು?

● ಅಮೆರಿಕದ ಪೆನ್ಸಿಲ್ವೇನಿಯಾದ ರಿಪಬ್ಲಿಕನ್ ಸಂಸದ ಗ್ಲೆನ್ ಥಾಂಪ್ಸನ್ 2022ರ ಜುಲೈ 19ರಂದು ಸಲಿಂಗ ವಿವಾಹಕ್ಕೆ ರಕ್ಷಣೆ ಕೊಡುವ ಮಸೂದೆಯ ವಿರುದ್ಧ ಮತ ಹಾಕಿದರು. ಮಸೂದೆ ಬರೀ ಚುನಾವಣಾ ಗಿಮಿಕ್ ಎಂದಿತು ಅವರ ಕಚೇರಿ. ಮೂರೇ ದಿನಕ್ಕೆ ಅವರು ಮಗನ ಮದುವೆಗೆ ಹೋದರು. ಆ ಮದುವೆಯಲ್ಲಿ ವರರು ಇಬ್ಬರು!

● ಮದುವೆಯೆಂದರೆ ಗಂಡು-ಹೆಣ್ಣಿನದ್ದು ಮಾತ್ರ ಎಂದು ಸಾರಿದ ‘ವಿವಾಹ ರಕ್ಷಣಾ ಕಾಯ್ದೆ’ಯನ್ನು 1996ರಲ್ಲಿ ಅಮೆರಿಕದ ಸಂಸತ್ತಿಗೆ ತಂದವರು ಬಾಬ್ ಬಾರ್. ಅವರಿಗೇ ಮೂರು ಮದುವೆ. ಯಾವುದನ್ನು ರಕ್ಷಿಸಲು ಹೊರಟಿದ್ದರೋ! ಕೊನೆಗೆ 2009ರಲ್ಲಿ, ಆ ಕಾಯ್ದೆ ರದ್ದಾಗಲಿ ಎಂದು ಲೇಖನ ಬರೆದವರೂ ಅವರೇ.

● ಆ ಕಾಯ್ದೆ ಕೆಳಮನೆಯಲ್ಲಿ 342–67ರಿಂದ ಪಾಸಾಯಿತು. ರಿಪಬ್ಲಿಕನ್ ಪಕ್ಷದಿಂದ ವಿರೋಧಿಸಿದವರು ಒಬ್ಬರೇ, ವಿಸ್ಕಾನ್ಸಿನ್‌ನ ಸ್ಟೀವ್ ಗಂಡರ್ಸನ್. ಅವರು ಸಲಿಂಗಿ ಎಂಬುದು ಎಲ್ಲರಿಗೂ ತಿಳಿದಿತ್ತು. ಅದೇ ಪಕ್ಷದ ಅರಿಜೋನಾದ ಜಿಮ್ ಕೋಲ್ಬಿ ಕಾಯ್ದೆಯ ಪರ ಮತ ಹಾಕಿದರು. ಕೆಲವೇ ವಾರಗಳಲ್ಲಿ, ಪತ್ರಿಕೆಯೊಂದು ಗುಟ್ಟು ಬಯಲು ಮಾಡಲಿದೆ ಎಂದು ತಿಳಿದಾಗ, ತಾನೂ ಸಲಿಂಗಿ ಎಂದು ಅವರೇ ಹೇಳಿಕೊಂಡರು.

● ಆ ಕಾಯ್ದೆಗೆ ಸಹಿ ಹಾಕಿದ್ದು ಅಧ್ಯಕ್ಷ ಬಿಲ್ ಕ್ಲಿಂಟನ್, ಅದೂ ನಡುರಾತ್ರಿ ಕಳೆದ ಮೇಲೆ. ಸಲಿಂಗಿ ಹೋರಾಟಗಾರ ಡೇವಿಡ್ ಮಿಕ್ಸ್‌ನರ್ ಅವರ ಹಳೆಯ ದೋಸ್ತಿ. ವಿಯೆಟ್ನಾಂ ಯುದ್ಧವಿರೋಧಿ ಚಳವಳಿಯ ಕಾಲದ ಗೆಳೆತನ, 1992ರ ಚುನಾವಣೆಗೆ ನಿಧಿ ಕೂಡಿಸಿಕೊಟ್ಟ ಗೆಳೆತನ. ಆದರೆ 1993ರಲ್ಲಿ ಸೇನೆಯಲ್ಲಿನ ಸಲಿಂಗಿಗಳ ಬಗ್ಗೆ ಕ್ಲಿಂಟನ್ ರಾಜಿಗಿಳಿದಾಗ ಇದೇ ಮಿಕ್ಸ್‌ನರ್ ಶ್ವೇತಭವನದ ಮುಂದೆ ಪ್ರತಿಭಟಿಸಿ ಬಂಧನಕ್ಕೊಳಗಾದರು. ಸಲಿಂಗಿ ಸಮುದಾಯದ ಹಣ ಗೆಲುವಿಗೆ ಬೇಕಾಗಿತ್ತು, ಗೆದ್ದ ಮೇಲೆ ಅವರ ಬೇಡಿಕೆ ಭಾರವಾಯಿತು.

● ಇನ್ನು ನಾರ್ತ್ ಕೆರೊಲಿನಾದ ಸೆನೆಟರ್ ಜೆಸ್ಸಿ ಹೆಲ್ಮ್ಸ್ ಕಥೆ. ಸಲಿಂಗಿಗಳಿಗೆ ಅನುಕೂಲವಾಗುವ ಯಾವುದಕ್ಕೂ ಅಡ್ಡಗಾಲು ಹಾಕುವುದರಲ್ಲಿ ಈತನದು ಎತ್ತಿದ ಕೈ. ಏಡ್ಸ್ ಸಂಶೋಧನೆಗೆ ಹಣ ಕೊಡುವುದನ್ನೂ ವಿರೋಧಿಸುತ್ತಿದ್ದರು. ಪ್ಯಾಟ್ಸಿ ಕ್ಲಾರ್ಕ್ ಎಂಬ ಮಹಿಳೆಯ ಗಂಡ ಇವರ ಗೆಳೆಯ, ಪಕ್ಕಾ ಬೆಂಬಲಿಗ. ಆಕೆಯ ಮಗ 1994ರಲ್ಲಿ ಏಡ್ಸ್‌ನಿಂದ ತೀರಿಕೊಂಡ. ಮರುವರ್ಷ ಆ ತಾಯಿ ಹೆಲ್ಮ್ಸ್‌ಗೆ ಕಾಗದ ಬರೆದರು. ಸತ್ತವರ ಬಗ್ಗೆ ಸ್ವಲ್ಪ ಕರುಣೆಯಿರಲಿ, ತೀರ್ಪು ಕೊಡಬೇಡಿ ಎಂಬುದೇ ಮುಖ್ಯ ಕೋರಿಕೆ. ಉತ್ತರ ಬಂತು. ಮೊದಲು ಸಂತಾಪ, ಅದರ ಬೆನ್ನಿಗೇ ಮಗ ತನ್ನ ಜೀವವನ್ನು ತಾನೇ ಜೂಜಿಗಿಟ್ಟ ಎಂಬರ್ಥದ ಮಾತು. ಗಂಡನ ಗೆಳೆಯ ಮಗ ಸತ್ತ ತಾಯಿಗೆ ಬರೆದ ಕಾಗದವಿದು! ಆಕೆ ಸುಮ್ಮನಾಗಲಿಲ್ಲ. ಅಂಥದ್ದೇ ದುಃಖ ಉಂಡ ಇನ್ನೊಬ್ಬ ತಾಯಿಯನ್ನು ಜೊತೆಮಾಡಿಕೊಂಡು 1996ರ ಚುನಾವಣೆಯಲ್ಲಿ ಹೆಲ್ಮ್ಸ್ ವಿರುದ್ಧ ತಾಯಂದಿರ ಸಂಘಟನೆಯನ್ನೇ ಕಟ್ಟಿದರು. ಹೆಲ್ಮ್ಸ್ ಮತ್ತೆ ಗೆದ್ದರು, ಅದು ಬೇರೆ ಮಾತು.

● ಗೆಳೆತನ ಫೋನಿನವರೆಗೆ ಬಂದು ನಿಂತದ್ದೂ ಉಂಟು. ನಟ ರಾಕ್ ಹಡ್ಸನ್, ಆಗಿನ ಅಧ್ಯಕ್ಷ ರೊನಾಲ್ಡ್ ರೇಗನ್ ಮತ್ತು ನ್ಯಾನ್ಸಿ ದಂಪತಿಗೆ ಹಾಲಿವುಡ್ ಕಾಲದಿಂದ ಪರಿಚಿತ, 1984ರಲ್ಲಿ ಶ್ವೇತಭವನದ ಔತಣಕ್ಕೂ ಹೋಗಿದ್ದರು. 1985ರ ಜುಲೈನಲ್ಲಿ ಏಡ್ಸ್ ಉಲ್ಬಣಿಸಿ ಪ್ಯಾರಿಸ್‌ನಲ್ಲಿ ಮಲಗಿದ್ದಾಗ, ಫ್ರೆಂಚ್ ಸೇನಾ ಆಸ್ಪತ್ರೆಗೆ ಸೇರಿಸಲು ನೆರವಾಗಿ ಎಂದು ಶ್ವೇತಭವನಕ್ಕೆ ಮನವಿ ಹೋಯಿತು. ಸ್ನೇಹಿತನೆಂದು ವಿಶೇಷ ಉಪಕಾರ ಮಾಡುವುದು ಸರಿಯಲ್ಲ ಎಂದು ನ್ಯಾನ್ಸಿ ಒಪ್ಪಲಿಲ್ಲ. ರೇಗನ್ ಫೋನ್ ಮಾಡಿ ಯೋಗಕ್ಷೇಮ ವಿಚಾರಿಸಿದರು. ಅಕ್ಟೋಬರ್ 2ರಂದು ಹಡ್ಸನ್ ತೀರಿಕೊಂಡರು.

ಆದರೆ ಇದೇ ರೇಗನ್, 1978ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಸಲಿಂಗಿ ಶಿಕ್ಷಕರನ್ನು ನಿಷೇಧಿಸುವ ಪ್ರಸ್ತಾವವನ್ನು ಬಹಿರಂಗವಾಗಿ ವಿರೋಧಿಸಿದ್ದರು. ಪ್ರಸ್ತಾವ ಬಿದ್ದುಹೋಯಿತು.

● ಬ್ರಿಟನ್‌ನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್‌ದು ತಿರುಗುಮುರುಗು. 1960ರ ದಶಕದಲ್ಲಿ ಸಲಿಂಗಕಾಮವನ್ನು ಅಪರಾಧದ ಪಟ್ಟಿಯಿಂದ ತೆಗೆಯುವ ಪರ ಮತ ಹಾಕಿದ ಬೆರಳೆಣಿಕೆಯ ಕನ್ಸರ್ವೇಟಿವ್‌ಗಳಲ್ಲಿ ಆಕೆಯೂ ಒಬ್ಬರು. 1988ರಲ್ಲಿ ಸ್ಥಳೀಯ ಸಂಸ್ಥೆಗಳು ಸಲಿಂಗಕಾಮವನ್ನು ‘ಉತ್ತೇಜಿಸ’ಬಾರದೆಂಬ ಕುಖ್ಯಾತ ಸೆಕ್ಷನ್ 28 ತಂದದ್ದು ಆಕೆಯದೇ ಸರ್ಕಾರ. ಅದು ಪೂರ್ತಿ ತೊಲಗಿದ್ದು 2003ರಲ್ಲಿ.

● ಜರ್ಮನಿಯ ಎಫ್‌ಡಿಪಿ ಪಕ್ಷದ ನಾಯಕ ಗೀಡೊ ವೆಸ್ಟರ್‌ವೆಲ್ಲೆ ತನ್ನ ಸಂಗಾತಿಯೊಂದಿಗೆ ಮೊದಲ ಬಾರಿಗೆ ಎಲ್ಲರೆದುರು ಕಾಣಿಸಿಕೊಂಡದ್ದು ಯಾರ ಸಮಾರಂಭದಲ್ಲಿ ಗೊತ್ತೇ? 2004ರಲ್ಲಿ, ಏಂಜೆಲಾ ಮರ್ಕೆಲ್ ಅವರ 50ನೇ ಹುಟ್ಟುಹಬ್ಬದಲ್ಲಿ! ಮುಂದೆ ಮರ್ಕೆಲ್ ಸರ್ಕಾರದಲ್ಲಿ ಅವರು ವಿದೇಶಾಂಗ ಸಚಿವರೂ ಆದರು. 2017ರ ಜೂನ್ 30ರಂದು ಸಲಿಂಗ ವಿವಾಹ ಮಸೂದೆ 393–226ರಿಂದ ಗೆದ್ದಾಗ ಮರ್ಕೆಲ್ ಹಾಕಿದ್ದು ವಿರುದ್ಧದ ಮತ. ಸಂವಿಧಾನ ಹೇಳುವ ಮದುವೆ ಗಂಡು-ಹೆಣ್ಣಿನದ್ದು ಎಂಬುದು ಅವರ ವಾದ. ಆದರೆ ಮತಕ್ಕೆ ಬಾಗಿಲು ತೆರೆದವರೂ ಅವರೇ. ‘ಸದಸ್ಯರು ಆತ್ಮಸಾಕ್ಷಿಯಂತೆ ನಡೆದುಕೊಳ್ಳಲಿ’ ಎಂದು ಕೆಲವೇ ದಿನ ಮೊದಲು ಹೇಳಿದ್ದರು. ವೆಸ್ಟರ್‌ವೆಲ್ಲೆ ಅದನ್ನು ನೋಡಲು ಇರಲಿಲ್ಲ, 2016ರಲ್ಲೇ ನಿಧನರಾಗಿದ್ದರು.

● ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಟೋನಿ ಅಬಾಟ್ ಅವರ ತಂಗಿ ಸಲಿಂಗಿ. ಅಣ್ಣ ಸಲಿಂಗ ವಿವಾಹ ಕುರಿತ 2017ರ ಅಂಚೆ ಮತದಾನದಲ್ಲಿ ‘ಬೇಡ’ ಪಾಳಯದ ದೊಡ್ಡ ದನಿ. ದೇಶ ಶೇಕಡಾ 61.6ರಷ್ಟು ‘ಬೇಕು’ ಎಂದಿತು. ಅಬಾಟ್ ಅವರ ಸ್ವಂತ ಕ್ಷೇತ್ರ ಶೇಕಡಾ 75ರಷ್ಟು! ಅಂತಿಮ ಮತದಾನದ ವೇಳೆ ಅವರು ಸದನದಿಂದ ಹೊರಗೆ ನಡೆದರು. 2018ರ ಫೆಬ್ರವರಿಯಲ್ಲಿ ತಂಗಿಯ ಮದುವೆಗೆ ತಪ್ಪದೆ ಹಾಜರಾದರು.

● ಮನೆಯವರಿಂದಾಗಿ ಮತವೇ ಬದಲಾದದ್ದಿಲ್ಲವೇ? ಇದೆ. ಒಹಾಯೊದ ರಾಬ್ ಪೋರ್ಟ್‌ಮನ್ 1996ರ ಕಾಯ್ದೆಯ ಪರ ಇದ್ದವರು. ತಾನು ಸಲಿಂಗಿ ಎಂದು 2011ರಲ್ಲಿ ಮಗ ಹೇಳಿದ. 2013ರಲ್ಲಿ ಅಪ್ಪ ಬಹಿರಂಗವಾಗಿ ನಿಲುವು ಬದಲಿಸಿದರು, 2022ರಲ್ಲಿ ಸಲಿಂಗ ವಿವಾಹ ರಕ್ಷಣೆಯ ಮಸೂದೆಗೆ ಸೆನೆಟ್‌ನಲ್ಲಿ ಹೆಗಲು ಕೊಟ್ಟರು. ಬದಲಾದದ್ದು ಒಳ್ಳೆಯದೇ. ಮಗ ಬಾಯಿ ಬಿಡದಿದ್ದರೆ ಉಳಿದವರ ಮಕ್ಕಳ ಗತಿಯೇನು ಎಂದು ಆಗಲೇ ಕೇಳಿದವರಿದ್ದರು, ಆ ಪ್ರಶ್ನೆಯೂ ನ್ಯಾಯವೇ.

● ಚಕ್ ಶೂಮರ್ ಕೂಡ 1996ರಲ್ಲಿ ಆ ಕಾಯ್ದೆಯ ಪರವೇ ಮತ ಹಾಕಿದ್ದವರು. 2022ರ ನವೆಂಬರ್ 29ರಂದು ಸೆನೆಟ್ 61–36ರಿಂದ ಹೊಸ ಮಸೂದೆ ಅಂಗೀಕರಿಸಿದಾಗ ಬಹುಮತದ ನಾಯಕ ಅವರೇ. ಅಂದು ಕೊರಳಲ್ಲಿದ್ದದ್ದು ನೇರಳೆ ಬಣ್ಣದ ಟೈ. ಮಗಳು ತನ್ನ ಸಂಗಾತಿಯನ್ನು ಮದುವೆಯಾದ ದಿನ ಕಟ್ಟಿದ್ದ ಟೈ ಅದು. ಸಹಿ ಹಾಕಿದ ಅಧ್ಯಕ್ಷ ಜೋ ಬೈಡನ್? 1996ರಲ್ಲಿ ಅವರ ಮತವೂ ಕಾಯ್ದೆಯ ಪರವೇ ಇತ್ತು.

● ನಮ್ಮಲ್ಲಿ? ವಿಪ್ ಮೀರಿದರೆ ಸದಸ್ಯತ್ವಕ್ಕೇ ಸಂಚಕಾರ, ಬಹಳಷ್ಟು ಮಸೂದೆಗಳು ಧ್ವನಿಮತದಲ್ಲೇ ಮುಗಿಯುತ್ತವೆ. ಹಾಗಾಗಿ ಯಾರ ಮನಸ್ಸಿನಲ್ಲಿ ಏನಿತ್ತೆಂದು ಗೊತ್ತಾಗುವುದೇ ಅಪರೂಪ. ಆದರೂ ಒಂದು ಶುಕ್ರವಾರ ಗುಟ್ಟು ಹೊರಬಿತ್ತು. ಸಲಿಂಗಕಾಮವನ್ನು ಅಪರಾಧವೆಂದಿದ್ದ ಸೆಕ್ಷನ್ 377 ತಿದ್ದಲು ಸಂಸದ ಶಶಿ ತರೂರ್ ತಂದ ಖಾಸಗಿ ಮಸೂದೆಯನ್ನು 2015ರ ಡಿಸೆಂಬರ್ 18ರಂದು ಲೋಕಸಭೆ ಮಂಡನೆಯ ಹಂತದಲ್ಲೇ ತಳ್ಳಿಹಾಕಿತು. ಪರ 24, ವಿರುದ್ಧ 71. ಕೆಲವೇ ವಾರಗಳ ಹಿಂದೆ, 377ರ ಬಗ್ಗೆ ಸುಪ್ರೀಂ ಕೋರ್ಟ್ ಮರುಯೋಚಿಸಬೇಕು ಎಂದಿದ್ದವರು ಅದೇ ಸರ್ಕಾರದ ಹಣಕಾಸು ಸಚಿವ ಅರುಣ್ ಜೇಟ್ಲಿ! 2016ರ ಮಾರ್ಚ್‌ನಲ್ಲಿ ಮತ್ತೆ ಯತ್ನ, 14 ಪರ, 58 ವಿರುದ್ಧ. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಆ ಕೆಲಸ ಮಾಡಿದ್ದು ಸುಪ್ರೀಂ ಕೋರ್ಟು.

ಕರ್ನಾಟಕದಿಂದ ಲೋಕಸಭೆಗೆ ಹೋಗುವವರು 28 ಮಂದಿ. ಆ ಶುಕ್ರವಾರ ಅವರಲ್ಲಿ ಯಾರು ಸದನದಲ್ಲಿದ್ದರು, ಯಾರು ಯಾವ ಗುಂಡಿ ಒತ್ತಿದರು? ಲೋಕಸಭೆಯ ಜಾಲತಾಣದಲ್ಲಿ ಆ ದಿನದ ಕಲಾಪದ ವರದಿ ಸಿಗುತ್ತದೆ. ಒಮ್ಮೆ ಹುಡುಕಿ ನೋಡಿ.